ಲೆನಾರ್ಡ್ ಹೆಚ್ಚೋ, ಕಾರ್ವೆಲ್ ಹೆಚ್ಚೋ

ಅಮೆರಿಕದ ಡೆಟ್ರಾಯಿಟ್ ಬಳಿಯ ಕ್ಯಾಂಟನ್ನಿನ ರಘೋತ್ತಮರಾಯರು ಕಾರುಗಳ ಬ್ರೇಕು ರೂಪಿಸುವ ಕೆಲಸ ಮಾಡಿ ನಿವೃತ್ತರಾದವರು. ಮೈಸೂರಿನ ಮೆತ್ತನೆಯ ಮನುಷ್ಯ. ಆದರೆ ಭಾನುವಾರ ಊಟವಾದ ಮೇಲೆ ಫೋನು ಹಿಡಿದರೆ ಅವರ ದನಿಯೇ ಬೇರೆ. ಆ ಕಡೆ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸಿನಲ್ಲಿ ಧಾರವಾಡದ ಶೇಷಗಿರಿ. ಮದುವೆಗೆ ಮುಂಚೆ ಇಬ್ಬರೂ ಆಬರ್ನ್ ಹಿಲ್ಸಿನ ಒಂದೇ ಬಾಡಿಗೆ ಮನೆಯಲ್ಲಿ ಅನ್ನ ಬೇಯಿಸಿಕೊಂಡಿದ್ದವರು. ಬೇಸ್‌ಬಾಲ್ ನೋಡುವುದನ್ನು ಕಲಿತದ್ದೂ ಅಲ್ಲಿಯೇ.

ಅದರಲ್ಲಿ ಅವರಿಗೆ ಹಿಡಿಸಿದ್ದು ಬಂಟ್. ಬೀಸಿ ಹೊಡೆಯದೆ ಚೆಂಡನ್ನು ಬ್ಯಾಟಿಗೆ ಮೆಲ್ಲಗೆ ತಾಗಿಸಿ ಹತ್ತಿರವೇ ಬೀಳಿಸುವುದು. ತಾನು ಔಟಾದರೂ ಚಿಂತೆಯಿಲ್ಲ, ಜೊತೆಗಾರ ಒಂದು ಬೇಸ್ ಮುಂದಕ್ಕೆ ಓಡಿಕೊಳ್ಳಲಿ ಎಂದು. ದಾಖಲೆಯಲ್ಲಿ ಅದಕ್ಕೆ ಬೇರೆಯೇ ಲೆಕ್ಕವುಂಟು. ಶಿಕಾಗೋ ತಂಡದ ಲೆನಾರ್ಡ್ ಅಂಥವು ನೂರ ನಲವತ್ತು ಆಡಿದ್ದ; ಡೆಟ್ರಾಯಿಟಿನ ಕಾರ್ವೆಲ್ ನೂರ ಹದಿನೆಂಟು.

"ನಿನ್ನ ಲೆನಾರ್ಡ್ ಹದಿನಾರು ವರ್ಷ ಆಡ್ದ ಕಣೋ. ಕಾರ್ವೆಲ್ ಆಡಿದ್ದೇ ಹತ್ತು. ವರ್ಷಕ್ಕೆ ಎಷ್ಟು ಬಂತು ಅಂತ ಭಾಗಿಸಿ ನೋಡು," ಎನ್ನುವರು ರಾಯರು.

"ಅಲ್ಲಲೇ ರಘು, ಭಾಗಾಕಾರ ಮಾಡಿ ಯಾರನ್ನರ ದೊಡ್ಡಾಂವ ಮಾಡಬಹುದು. ಹದಿನಾರು ವರ್ಷ ತಡಕೊಂಡು ನಿಂತದ್ದು ತಪ್ಪೇನು? ತಡಿ, ವಿಮಾನ."

ಶೇಷಗಿರಿಯದು ವಿಮಾನ ನಿಲ್ದಾಣದ ಪಕ್ಕದ ಮನೆ. ಸದ್ದು ಅಡಗುವ ತನಕ ಇಬ್ಬರೂ ಸುಮ್ಮನಿದ್ದು, ಬಿಟ್ಟಲ್ಲಿಂದಲೇ ಮತ್ತೆ ಜಗಳ ಹಿಡಿಯುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ಶೇಷಗಿರಿಗೆ ಪಾರ್ಶ್ವವಾಯು ಬಡಿಯಿತು. ಆಮೇಲೆ ಫೋನಿನಲ್ಲಿ ಬರೀ "ಹೂಂ". ಎದುರಿಗೆ ಕುಳಿತು ಕೆಣಕಿದರೆ ಆ ಹಳೆಯ "ಅಲ್ಲಲೇ" ಒಂದು ಸಲವಾದರೂ ಹೊರಬಿದ್ದೀತೆಂದು ರಾಯರ ಆಸೆ. ತಮ್ಮ ಮಂಡಿಯ ಆಪರೇಷನ್ ವಾಸಿಯಾಗಿ ಹಿಮ ಕರಗಿದೊಡನೆ, ಒಬ್ಬರೇ ಕಾರು ಹತ್ತಿ ಹೊರಟರು.

ಬಾಗಿಲು ತೆಗೆದವರು ಶೇಷಗಿರಿಯ ಹೆಂಡತಿ ಕೌಸಲ್ಯಾ.

"ಬರ್ರಿ ರಘಣ್ಣ. ಮೊದಲ ಹೇಳತೀನಿ, ಎಲ್ಲಾದಕ್ಕೂ ಹೂಂ ಅಂತಾರ. ಊಟ ಆತೇನು ಅಂದ್ರ ಹೂಂ, ಆಗಿಲ್ಲೇನು ಅಂದ್ರೂ ಹೂಂ. ಮೂವತ್ತೆಂಟು ವರ್ಷ ಒಂದು ಮಾತಿಗರ ಒಪ್ಪಿದಾಂವ ಅಲ್ಲ ಈ ಮನಶ್ಯಾ."

ಶೇಷಗಿರಿ ಕಿಟಕಿಯ ಬಳಿ ಶಾಲು ಹೊದ್ದು ಕುಳಿತಿದ್ದರು. ರಾಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಶೇಷು, ಕಾರ್ವೆಲ್ಲೇ ಹೆಚ್ಚು ತಾನೆ?"

"ಹೂಂ."

"ಲೆನಾರ್ಡ್ ಆಡಿದ್ದು ಬರೀ ತೊಂಬತ್ತು."

ಹಸಿ ಸುಳ್ಳು. ಮೊದಲಾಗಿದ್ದರೆ ಈ ಮಾತಿಗೆ ಫೋನೇ ಒಡೆಯುವಂತೆ ಕೂಗುತ್ತಿದ್ದ ಗೆಳೆಯ.

"ಹೂಂ."

"ಅವನಿಗೆ ಬಂಟ್ ಆಡೋಕೇ ಬರ್ತಿರಲಿಲ್ಲ."

ಶೇಷಗಿರಿ ನಕ್ಕರು. ಅತಿಥಿಯೊಬ್ಬನನ್ನು ಉಪಚರಿಸುವ ನಗೆ ಅದು. "ಹೂಂ," ಎಂದರು.

ಅಷ್ಟು ವರ್ಷ ಗೆಲ್ಲಬೇಕೆಂದು ಹಟ ಹಿಡಿದ ವಾದವನ್ನು ಗೆದ್ದು ರಾಯರು ತಲೆ ತಗ್ಗಿಸಿದರು. ಕೌಸಲ್ಯಾ ಕಾಫಿಯ ನೆಪದಲ್ಲಿ ಒಳಗೆ ಹೋದರು.

ಅಷ್ಟರಲ್ಲಿ ಮನೆಯ ಮೇಲೆ ವಿಮಾನದ ಸದ್ದು. ಶೇಷಗಿರಿಯ ಎಡಗೈ ಶಾಲಿನಿಂದ ಹೊರಬಂದು, ತಡಿ ಎನ್ನುವಂತೆ ಮೇಲೆದ್ದಿತು. ರಾಯರು ಕಾದರು. ಸದ್ದು ಅಡಗಿತು. ಕೈ ಮೆಲ್ಲನೆ ತೊಡೆಯ ಮೇಲೆ ಇಳಿಯಿತು. ಮಾತು ಬರಲಿಲ್ಲ.

ರಾಯರು ಗಂಟಲು ಸರಿಪಡಿಸಿಕೊಂಡರು.

"ಅಲ್ಲಲೇ ರಘು," ಎಂದು ಧಾರವಾಡದ ಎಳೆತವನ್ನು ತಮಗೆ ಬಂದಂತೆ ಎಳೆದು ಶುರುಮಾಡಿದರು. "ಹದಿನಾರು ವರ್ಷ ತಡಕೊಂಡು ನಿಂತದ್ದು ತಪ್ಪೇನು?"

"ಹೂಂ," ಎಂದರು ಶೇಷಗಿರಿ.

ರಾಯರು ಲೆನಾರ್ಡನ ಪರವಾಗಿ ವಾದಿಸುತ್ತಲೇ ಹೋದರು.