ಟವೆಲ್ ಮರೆತವರ ಕಿಟಕಿ

ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಗ್ಯಾಲರಿಯ ಮೆಟ್ಟಿಲುಗಳ ಕೆಳಗಿನ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ ಹೆಂಗಸು ಪುಟ್ಟ ಫುಟ್‌ಬಾಲ್ ಬೂಟೊಂದನ್ನು ತೊಡೆಯ ಮೇಲಿಟ್ಟುಕೊಂಡು, ಸವೆದ ಟೂತ್‌ಬ್ರಶ್ಶಿನಿಂದ ಅದರ ಅಡಿಯ ಮಣ್ಣು ಕೀಳುತ್ತಿದ್ದಾರೆ. ಆಮೇಲೆ ಬೂಟಿನೊಳಗೆ ಕೈ ಇಳಿಸಿ ತುದಿಯವರೆಗೂ ತಡವುತ್ತಾರೆ. ಮೂಗಿನ ಹತ್ತಿರ ತಂದು ಮೂಸಿ ಮುಖ ಕಿವುಚುತ್ತಾರೆ.

“ಸಾಕ್ಸ್ ಹಾಕ್ಕೊಳ್ದೆ ಆಡಿದೆ ಈ ಮಗು. ಸಿಗಲಿ, ಕಿವಿ ಹಿಂಡ್ತೀನಿ,” ಎನ್ನುತ್ತಾರೆ. ಹೇಳುವ ಧಾಟಿ ನೋಡಿದರೆ ಆ ಕಿವಿಗೆ ಯಾವ ಅಪಾಯವೂ ಇದ್ದಂತೆ ಕಾಣುವುದಿಲ್ಲ.

ಮೈದಾನಕ್ಕೆ ಬರುವ ಮಕ್ಕಳಿಗೂ ದೊಡ್ಡವರಿಗೂ ಈಗ ಇವರು ಬೂಟಮ್ಮ. ವಯಸ್ಸು ಅರವತ್ತರ ಹತ್ತಿರ. ಸಂಬಳ ಬರುವುದು ಗ್ಯಾಲರಿ ಗುಡಿಸುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ, ಆಟದ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದಕ್ಕೆ. ಬೂಟಿನ ಕೆಲಸ ಅವರು ತಾವಾಗಿಯೇ ಮೈಮೇಲೆ ಎಳೆದುಕೊಂಡದ್ದು. ಹಣ್ಣಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಕಪಾಟಿನಲ್ಲಿ ಮಕ್ಕಳ ಬೂಟುಗಳು ಅಳತೆಯ ಪ್ರಕಾರ ಸಾಲಾಗಿ ಕೂತಿವೆ. ತುದಿಯಲ್ಲಿ ಅಂಗೈಯಷ್ಟು ಉದ್ದದವು, ಈ ಕಡೆ ನನ್ನ ಕಾಲಿಗೂ ಆಗುವಂಥವು. ಅವುಗಳ ಪಕ್ಕದಲ್ಲಿ ಒಗೆದು ಮಡಚಿಟ್ಟ ಟವೆಲ್‌ಗಳ ದೊಡ್ಡ ಅಟ್ಟಿ. ಈ ಮೈದಾನದಲ್ಲಿ ಸ್ನಾನದ ಮನೆಯೇ ಇಲ್ಲ, ಇರುವುದು ಹೊರಗಿನ ಒಂದು ನಲ್ಲಿ. ಮತ್ತೆ ಇಷ್ಟು ಟವೆಲ್ ಯಾಕೆ ಎಂದು ಕೇಳುತ್ತೇನೆ. ಬೂಟಮ್ಮ ನಗುತ್ತಾರೆ. ಉತ್ತರ ಸಿಗುವಷ್ಟರಲ್ಲಿ ಇಬ್ಬರದೂ ಎರಡನೆಯ ಲೋಟ ಚಹಾ ಮುಗಿದಿರುತ್ತದೆ.

ಮಕ್ಕಳ ಆಟ ಈಗ ಎಷ್ಟು ದುಬಾರಿ ಎಂಬುದನ್ನು ಮನೆಯಲ್ಲಿ ಆಡುವ ಮಗುವಿರುವವರಿಗೆ ನಾನು ಹೇಳಬೇಕಾಗಿಲ್ಲ. ಕ್ಲಬ್ಬಿನ ಶುಲ್ಕ ಕಟ್ಟಿದ ಮೇಲೆ ಅಂಗಿ, ಅಂಗಿಯಾದ ಮೇಲೆ ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ ಪಟ್ಟಿ, ಪಂದ್ಯಕ್ಕೆ ಬೇರೆ, ಪಂದ್ಯಕ್ಕೆ ಹೋಗುವ ಬಸ್ಸಿಗೆ ಬೇರೆ, ಕೊನೆಗೆ ತಂಡದ ಫೋಟೋಕ್ಕೂ ಬೇರೆ. ಇವೆಲ್ಲವನ್ನೂ ಹೇಗೋ ಸರಿದೂಗಿಸಿದ ಹೊತ್ತಿಗೆ ಮಗುವಿನ ಕಾಲು ಬೆಳೆದಿರುತ್ತದೆ. “ಮಗಳನ್ನ ಆಟಕ್ಕೆ ಹಾಕೋದು ಅಂದ್ರೆ ಇನ್ನೊಂದು ಮನೆಗೆ ಬಾಡಿಗೆ ಕಟ್ಟಿದ ಹಾಗೇ ಸಾರ್. ಆ ಮನೇಲಿ ನಾವು ಇರೋ ಹಾಗಿಲ್ಲ, ಅಷ್ಟೇ,” ಎನ್ನುತ್ತಾರೆ ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿ. ಇವರು ಮಗಳನ್ನು ದಿನವೂ ಕಾರಿನಲ್ಲಿ ತಂದುಬಿಡುತ್ತಾರೆ. ಕಾರು ಕಂಪನಿಯದು. ಆದರೆ ಕಾರಿನಿಂದ ಇಳಿದವರಿಗೂ ಕೈಕಚ್ಚುತ್ತಿರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ? ಮೈದಾನದಲ್ಲಿ ಇವರ ಹೆಸರು ಕಾರಪ್ಪ.

ಬೂಟಮ್ಮನ ಏರ್ಪಾಡು ಬಹಳ ಸರಳ. ಮಗುವಿಗೆ ಬಿಗಿಯಾದ ಬೂಟನ್ನು ತಂದು ಕೊಡಬೇಕು, ದೊಡ್ಡದೊಂದನ್ನು ಒಯ್ಯಬೇಕು. ಕಾಸು ಕೇಳುವುದಿಲ್ಲ. ತಂದ ಬೂಟನ್ನು ತೊಳೆದು, ಕಿತ್ತ ಅಟ್ಟೆಗೆ ಅಂಟು ಹಾಕಿ, ಬಾಯಿ ಬಿಟ್ಟ ಕಡೆ ಹೊಲಿದು ಕಪಾಟಿಗೇರಿಸುತ್ತಾರೆ. ಅದು ಮುಂದಿನ ಕಾಲಿಗೆ ಕಾಯುತ್ತದೆ. ಮಕ್ಕಳ ಕಾಲು ಬೂಟು ಸವೆಯುವುದಕ್ಕಿಂತ ಬೇಗ ಬೆಳೆಯುವುದರಿಂದ ಈ ಲೆಕ್ಕ ಎಂಟು ವರ್ಷಗಳಿಂದ ತಪ್ಪಿಲ್ಲ.

ಹೊಲಿಗೆ ಅವರ ಹಳೆಯ ಕಸುಬು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೂಟಿನ ಕಾರ್ಖಾನೆಯಲ್ಲಿ ಮೇಲ್ಭಾಗದ ತುಂಡುಗಳನ್ನು ಕೂಡಿಸಿ ಹೊಲಿಯುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಪೊರಕೆ ಹಿಡಿದು ಬಂದರು. ಕಾರ್ಖಾನೆಯ ದಿನಗಳಲ್ಲಿ ಅವರ ಮಗನಿಗೂ ಫುಟ್‌ಬಾಲಿನ ಹುಚ್ಚು ಹತ್ತಿತ್ತು. ತಾವೇ ಹೊಲಿದ ಬೂಟನ್ನು ಅಂಗಡಿಯಲ್ಲಿ ಕೊಳ್ಳುವ ಶಕ್ತಿ ಇರಲಿಲ್ಲ. ಕೆಲಸದಲ್ಲಿ ಕೆಟ್ಟ ಬೂಟುಗಳನ್ನು ಕಾರ್ಖಾನೆಯವರು ಒಂಟಿಯಾಗಿ, ಅಗ್ಗಕ್ಕೆ ಕೆಲಸಗಾರರಿಗೆ ಕೊಡುತ್ತಿದ್ದರು. ಬೂಟಮ್ಮ ಒಂದು ಬಲಗಾಲಿನದು, ಇನ್ನೊಂದು ದಿನ ಎಡಗಾಲಿನದು ಹುಡುಕಿ ತಂದರು. ಅಳತೆ ಒಂದೇ. ಬಣ್ಣ ಒಂದು ಕಪ್ಪು, ಒಂದು ಬಿಳಿ.

“ನನಗೆ ಖುಷಿಯೋ ಖುಷಿ. ಹೊಲಿಗೆ ನೋಡಿದ್ದೆ, ಅಳತೆ ನೋಡಿದ್ದೆ, ಬಣ್ಣ ಯಾರು ನೋಡ್ತಾರೆ ಅಂದ್ಕೊಂಡೆ. ಮಕ್ಕಳು ಮೊದಲು ನೋಡೋದೇ ಅದನ್ನ,” ಎನ್ನುತ್ತಾರೆ. ಹುಡುಗನಿಗೆ ಕರಿಬಿಳಿ ಎಂದು ಹೆಸರು ಬಿತ್ತು. ಒಂದು ಸಂಜೆ ಆ ಎರಡೂ ಬೂಟನ್ನು ಬಾಗಿಲ ಹಿಂದೆ ಬಿಟ್ಟವನು ಮತ್ತೆ ಮುಟ್ಟಲಿಲ್ಲ, ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಈಗ ಆತ ಲಿಫ್ಟ್ ರಿಪೇರಿ ಮಾಡುತ್ತಾರೆ. ಭಾನುವಾರ ಅಂಟಿನ ಡಬ್ಬಿ ತಂದುಕೊಟ್ಟು, ಕಪಾಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. “ಬೈದಿದ್ರೆ ಮರೆತುಬಿಡ್ತಿದ್ದೆ. ಬೈಲೇ ಇಲ್ಲ ನೋಡಿ,” ಎಂದು ಬೂಟಮ್ಮ ಬ್ರಶ್ಶಿನ ಕೆಲಸಕ್ಕೆ ಮರಳುತ್ತಾರೆ.

ಅದಕ್ಕೇ ಅವರಿಗೆ ಬೂಟು ಕೊಡುವುದಕ್ಕಿಂತ ಮುಖ್ಯವಾದದ್ದು, ಕೊಟ್ಟದ್ದು ಯಾರಿಗೂ ಗೊತ್ತಾಗಬಾರದು ಎನ್ನುವುದು. ಯಾವ ಮಗುವೂ ಕಾಲಿನ ಕಾರಣಕ್ಕೆ ನಗೆಪಾಟಲಾಗಬಾರದು. ಕೋಣೆಯ ಹಿಂಬದಿಗೆ ಒಂದು ಕಿಟಕಿಯಿದೆ. ಆಚೆ ನೀರಿನ ಟ್ಯಾಂಕು, ಕಾಂಪೌಂಡು ಬಿಟ್ಟರೆ ಏನಿಲ್ಲ. ಅಪ್ಪಅಮ್ಮಂದಿರು ಬೆಳಗ್ಗೆ ಅಭ್ಯಾಸ ಶುರುವಾಗುವ ಮೊದಲು ಅಲ್ಲಿಗೆ ಒಬ್ಬೊಬ್ಬರಾಗಿ ಬರುತ್ತಿದ್ದರು. ಯಾರೋ ಒಬ್ಬ ತಾಯಿ ಮೊದಲ ಸಲ ಬಂದಾಗ ನಾಚಿಕೆಗೆ ಬಾಯಿ ಬಾರದೆ “ಟವೆಲ್ ಮರೆತು ಬಂದ್ವಿ” ಎಂದರಂತೆ. ಬೂಟಮ್ಮ ಆಕೆಯ ಕಣ್ಣು ಹೋದ ಕಡೆ ನೋಡಿದರು, ಕಪಾಟಿನಿಂದ ಒಂದು ಜೊತೆ ತೆಗೆದರು, ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಅಂದಿನಿಂದ ಅದೇ ರೂಢಿಯಾಯಿತು. ಹೊಸಬರಿಗೆ ಗುಟ್ಟು ಹೇಳಿಕೊಡುವಾಗಲೂ ಬೂಟಮ್ಮ ಅದೇ ಮಾತು ಕಲಿಸುತ್ತಿದ್ದರು. ನೋಡಿದವರಿಗೆ ಕಂಕುಳಲ್ಲಿ ಟವೆಲ್ ಹಿಡಿದು ಹೋಗುವ ತಾಯಿತಂದೆ, ಅಷ್ಟೇ. ಪ್ರತಿ ಮನೆಯವರೂ ಬೂಟಮ್ಮನ ಹತ್ತಿರ ಬರುವವರು ತಾವೊಬ್ಬರೇ ಎಂದು ತಿಳಿದಿದ್ದರು.

ತಮಾಷೆಯೆಂದರೆ, ಕಾರಪ್ಪ ತಮ್ಮ ಮಗಳ ಜೊತೆಗೆ ತಂಡದ ಗೋಲ್‌ಕೀಪರ್ ಹುಡುಗಿಯನ್ನೂ ಅವಳಮ್ಮನನ್ನೂ ಪ್ರತಿ ಪಂದ್ಯಕ್ಕೆ ಕಾರಿನಲ್ಲೇ ಕರೆದೊಯ್ಯುತ್ತಿದ್ದರು. ಆ ಅಮ್ಮ ಪಾರ್ಲರೊಂದರಲ್ಲಿ ಕೂದಲು ಕತ್ತರಿಸುವ ಕೆಲಸದವರು. ಇಬ್ಬರೂ ದಾರಿಯುದ್ದಕ್ಕೂ ಬೂಟಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದರು, ಯಾವ ಅಂಗಡಿಯಲ್ಲಿ ಕೊಂಡಿರೆಂದು ಒಬ್ಬರನ್ನೊಬ್ಬರು ಕೇಳುತ್ತಲೂ ಇದ್ದರು. ಇಬ್ಬರ ಮಕ್ಕಳ ಕಾಲಲ್ಲಿ ಇದ್ದದ್ದು ಇದೇ ಕಪಾಟಿನ ಬೂಟು.

ಈ ವರ್ಷ ಹನ್ನೆರಡರೊಳಗಿನ ಹುಡುಗಿಯರ ತಂಡ ಮೊದಲ ಬಾರಿ ಫೈನಲ್ಲಿಗೆ ಬಂತು. ಎಲ್ಲರಿಗೂ ಸಂಭ್ರಮ. ಆ ಸಂಭ್ರಮದಲ್ಲೇ ಕ್ಲಬ್ಬಿನ ಸಮಿತಿ ಒಂದು ನಿರ್ಧಾರ ಮಾಡಿತು. ಫೈನಲ್ಲಿಗೆ ಎಲ್ಲರ ಬೂಟೂ ನೀಲಿಯಿರಬೇಕು, ನೀಲಿ ಇಲ್ಲದವರು ಬೆಂಚಿನಲ್ಲಿ ಕೂರಬೇಕು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಫೋಟೋ ಚೆನ್ನಾಗಿ ಬರಲಿ ಎಂದಷ್ಟೇ. ಮರುದಿನ ಹಿಂದಿನ ಕಿಟಕಿಗೆ ಬಿಡುವಿಲ್ಲ. ಟವೆಲ್ ಮರೆತವರು, ಒಬ್ಬರು ಟ್ಯಾಂಕಿನ ಹಿಂದೆ ಮರೆಯಾಗುವಷ್ಟರಲ್ಲಿ ಇನ್ನೊಬ್ಬರು, ಒಬ್ಬರಿಗೊಬ್ಬರು ಕಾಣದಂತೆ ಬಂದು ಹೋದರು. ಎಲ್ಲರದೂ ಒಂದೇ ಪ್ರಶ್ನೆ. ಕಪಾಟಿನಲ್ಲಿ ನೀಲಿ ಬೂಟು ಇದ್ದದ್ದು ಒಂದೇ ಜೊತೆ, ಅದೂ ಯಾರ ಕಾಲಿಗೂ ಆಗದಷ್ಟು ಚಿಕ್ಕದು.

ಬೂಟಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ಬೂಟು ಬಿಟ್ಟು ಹೋಗಿ, ಶನಿವಾರ ಬನ್ನಿ. ನೀಲಿ ಬಣ್ಣದ ಡಬ್ಬಿ, ಕುಂಚ ತಂದು ಕಪ್ಪು, ಕಿತ್ತಳೆ, ಬಿಳಿ ಎಲ್ಲವಕ್ಕೂ ಎರಡೆರಡು ಸಲ ಬಳಿದರು. ಒಣಗಿಸಿ ಬಟ್ಟೆಯಿಂದ ತಿಕ್ಕಿದರು. ಅಂಗಡಿಯ ಬೂಟಿನ ಪಕ್ಕ ಇಟ್ಟರೆ ಗುರುತೇ ಸಿಗುವಂತಿರಲಿಲ್ಲ. ಆದರೆ ಅವರು ಕಾರ್ಖಾನೆಯಲ್ಲಿ ಹೊಲಿಗೆಯವರು. ಬಣ್ಣದ ವಿಭಾಗ ಮೇಲಿನ ಮಹಡಿಯಲ್ಲಿತ್ತು. ಅವರ ಮೇಜಿಗೆ ಬರುವಾಗ ಎಲ್ಲ ತುಂಡೂ ಬಣ್ಣ ಹಾಕಿ ಮುಗಿಸಿದ್ದೇ ಆಗಿರುತ್ತಿತ್ತು. ಬಣ್ಣದ ಮೇಲೆ ನೀರು ತಡೆಯುವ ಇನ್ನೊಂದು ಲೇಪ ಹಚ್ಚಬೇಕು ಎನ್ನುವುದು ಅವರ ಕಿವಿಗೆ ಬಿದ್ದಿರಲೇ ಇಲ್ಲ. “ಅಷ್ಟು ವರ್ಷ ದುಡಿದೆ, ಒಂದು ಸಲವೂ ಮಹಡಿ ಹತ್ತಿರಲಿಲ್ಲ,” ಎಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಫೈನಲ್ ಇದ್ದದ್ದು ಭಾನುವಾರ ಬೆಳಗ್ಗೆ, ಇದೇ ಮೈದಾನದಲ್ಲಿ, ಇಬ್ಬನಿಯಲ್ಲಿ ತೊಯ್ದ ಹುಲ್ಲಿನ ಮೇಲೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬಿಳಿ ಚೆಂಡಿನ ಮೇಲೆ ನೀಲಿ ಮಚ್ಚೆಗಳು ಕಂಡವು. ಎದುರು ತಂಡದ ಕೋಚು ಇದೇನು ಎಂದು ಕೇಳಿದರು, ರೆಫರಿ ಚೆಂಡನ್ನು ತಿರುಗಿಸಿ ನೋಡಿ ತಮ್ಮ ಬೆರಳನ್ನೂ ನೋಡಿಕೊಂಡರು. ನಲ್ಲಿಯ ಹತ್ತಿರ ಪೊರಕೆ ಹಿಡಿದು ನಿಂತಿದ್ದ ಬೂಟಮ್ಮ ಹುಡುಗಿಯರ ಕಾಲುಗಳತ್ತ ನೋಡಿದರು. ಅರ್ಧ ಆಟ ಮುಗಿದು ಹುಡುಗಿಯರು ಬೆಂಚಿಗೆ ಬಂದಾಗ ಹೆಚ್ಚಿನ ಬಿಳಿ ಸಾಕ್ಸ್‌ಗಳು ಮೀನಖಂಡದವರೆಗೆ ನೀಲಿ. ಕಾರಪ್ಪನ ಮಗಳು ಕಾಲುಗಳನ್ನು ಬೆಂಚಿನ ಅಡಿಗೆ ತಳ್ಳಿ, ಅದರ ಮೇಲೆ ಚೀಲ ಎಳೆದುಕೊಂಡು ತಲೆ ತಗ್ಗಿಸಿ ಕೂತಳು. ಕಣ್ಣಲ್ಲಿ ನೀರು.

“ಎಂಟು ವರ್ಷ ಮುಚ್ಚಿಟ್ಟಿದ್ದು ನನ್ನ ಕೈಯಿಂದ್ಲೇ ಬಯಲಾಗೋಯ್ತು. ಕರಿಬಿಳಿ ಅಂತ ಅವನನ್ನ ಕೂಗ್ತಿದ್ರಲ್ಲ, ಅದೇ ಕಿವೀಲಿ ಕೇಳ್ತಿತ್ತು,” ಎನ್ನುತ್ತಾರೆ ಬೂಟಮ್ಮ. ಹೋಗಿ ಮಗುವಿನ ಕಾಲು ಹಿಡಿದುಕೊಳ್ಳಲೇ, ಇಲ್ಲ ಅಲ್ಲಿಂದ ಕಾಲಿಗೆ ಬುದ್ಧಿ ಹೇಳಲೇ ಎಂದು ಅವರಿಗೆ ತಿಳಿಯಲಿಲ್ಲ.

ಆಗ ಗೋಲ್‌ಕೀಪರ್ ಹುಡುಗಿ ನೀರು ಕುಡಿಯುವುದನ್ನು ನಿಲ್ಲಿಸಿ ಗೆಳತಿಯ ಚೀಲದ ಕೆಳಗೆ ಬಗ್ಗಿ ನೋಡಿದಳು. ತನ್ನ ಕಾಲು ಮುಂದೆ ಚಾಚಿದಳು. “ನಿಂದೂನಾ?” ಎಂದಳು.

ಪಕ್ಕದವಳು ತನ್ನದನ್ನು ಚಾಚಿದಳು. ಅವಳ ಪಕ್ಕದವಳೂ ಚಾಚಿದಳು. ನಿಂದೂನಾ, ನಿಂದೂನಾ ಎನ್ನುತ್ತ ಪ್ರಶ್ನೆ ಬೆಂಚಿನ ಆ ತುದಿಯವರೆಗೆ ಹೋಗಿ ಬಂತು. ಇಡೀ ತಂಡದಲ್ಲಿ ಅಂಗಡಿಯ ಬೂಟು ಹಾಕಿದವರು ಇಬ್ಬರು ಮಾತ್ರ. ಬೆಳ್ಳಗಿದ್ದ ಸಾಕ್ಸ್ ನೋಡಿಕೊಂಡು ಪೆಚ್ಚಾದವರೂ ಆ ಇಬ್ಬರೇ. ಕಾರಪ್ಪನ ಮಗಳು ಚೀಲ ತೆಗೆದು ಪಕ್ಕಕ್ಕಿಟ್ಟಳು, ಮೂಗು ಒರೆಸಿಕೊಂಡಳು, ನಗತೊಡಗಿದಳು. ಗ್ಯಾಲರಿಯಲ್ಲಿ ಅವಳ ಅಪ್ಪ, ಪಕ್ಕದಲ್ಲಿದ್ದ ಪಾರ್ಲರಿನ ತಾಯಿಯ ಕಡೆ ತಿರುಗಿದರು. “ಯಾವ ಅಂಗಡಿ ಅಂತ ಈಗ ಹೇಳ್ಬಿಡಿ ಅಕ್ಕ,” ಎಂದರಂತೆ. ಆಕೆ ಮುಖ ಮುಚ್ಚಿಕೊಂಡು ನಕ್ಕರು.

ಗೆದ್ದರು ಎಂದು ಬರೆಯುವ ಆಸೆ ನನಗೂ ಇತ್ತು. ಒಂದು ಗೋಲಿನಿಂದ ಸೋತರು. ಫೋಟೋದಲ್ಲಿ ಮಾತ್ರ ಎಲ್ಲರೂ ಕಾಲು ಮುಂದೆ ಚಾಚಿ ಕೂತಿದ್ದಾರೆ, ಸಮಿತಿಗೆ ಬೇಕಾದ್ದಕ್ಕಿಂತ ಹೆಚ್ಚೇ ನೀಲಿ ಬಂದಿದೆ.

ಸೋಮವಾರ ಸಮಿತಿ ಬೂಟಮ್ಮನನ್ನು ಕರೆಯಿತು. ಕೆಲಸ ಹೋಯಿತು ಎಂದುಕೊಂಡೇ ಅವರು ಕೋಣೆಯ ಬೀಗದ ಕೈ ಹಿಡಿದು ಹೋದರು. ಬಾಗಿಲಲ್ಲಿ ನೋಡಿದರೆ ಟವೆಲ್ ಮರೆತವರೆಲ್ಲ ಮೊದಲ ಬಾರಿಗೆ ಒಟ್ಟಿಗೆ ನಿಂತಿದ್ದಾರೆ. ಒಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಟವೆಲ್. ಹೆಚ್ಚು ಮಾತೇನೂ ನಡೆಯಲಿಲ್ಲ. ಒಂದೇ ಬಣ್ಣದ ಬೂಟಿನ ನಿಯಮವನ್ನು ಸಮಿತಿ ಸದ್ದಿಲ್ಲದೆ ಕೈಬಿಟ್ಟಿತು. ಕಪಾಟನ್ನು ಕಿಟಕಿಯ ಕಡೆಯಿಂದ ಮುಂಬಾಗಿಲಿಗೆ ತರುವ ಅನುಮತಿಯೂ ಸಿಕ್ಕಿತು. ಶುಲ್ಕ ಇಳಿದಿಲ್ಲ, ಬಸ್ಸಿನ ದುಡ್ಡೂ ಇಳಿದಿಲ್ಲ. ಅದು ಬೂಟಮ್ಮನ ಕೈಯಲ್ಲಿಲ್ಲ. ಆದರೆ ಈಗ ಮಕ್ಕಳೇ ಬಂದು ಕಾಲು ಚಾಚಿ ಬೂಟು ಕೇಳುತ್ತಾರೆ. ಅಂಗಡಿಯ ಬೂಟಿನ ಹುಡುಗಿಯೊಬ್ಬಳು ತನ್ನ ಸಾಕ್ಸಿಗೂ ಸ್ವಲ್ಪ ನೀಲಿ ಹಾಕಿಕೊಡಿ ಎಂದು ದುಂಬಾಲು ಬಿದ್ದಿದ್ದಾಳೆ. ಆ ಡಬ್ಬಿಯನ್ನು ಇನ್ನು ಮುಟ್ಟುವುದಿಲ್ಲ ಎಂದು ಬೂಟಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ.

ಹಾಗಾದರೆ ಟವೆಲ್‌ಗಳ ಕೆಲಸ ಮುಗಿಯಿತಲ್ಲ, ಇನ್ನೂ ಯಾಕೆ ಒಗೆದಿಡುತ್ತೀರಿ ಎಂದು ನಾನು ಕೇಳುವಷ್ಟರಲ್ಲಿ ಹಿಂದಿನ ಕಿಟಕಿಯ ಮೇಲೆ ಮೆಲ್ಲನೆ ಟಕ್ ಟಕ್ ಎಂದು ಸದ್ದಾಗುತ್ತದೆ. ಹೊಸಬರು, ಚಿಕ್ಕ ವಯಸ್ಸಿನ ತಾಯಿ. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರು ಹೇಳಿಕೊಟ್ಟರೋ, “ಟವೆಲ್ ಮರೆತು ಬಂದಿದ್ದೆ,” ಎನ್ನುತ್ತಾರೆ, ನೆಲ ನೋಡುತ್ತ. ಬೂಟಮ್ಮ ಎದ್ದು, ಆಕೆ ಕೈಯಲ್ಲಿ ತೋರಿಸಿದ ಅಳತೆಗೆ ಒಂದು ಜೊತೆ ಆರಿಸಿ, ದಾರ ಎಳೆದು ನೋಡಿ, ಟವೆಲ್ಲಿನಲ್ಲಿ ಸುತ್ತಿ ಕಿಟಕಿಯಿಂದ ಕೊಡುತ್ತಾರೆ. ಆ ತಾಯಿ ಗಂಟನ್ನು ಎದೆಗೊತ್ತಿಕೊಂಡು ಟ್ಯಾಂಕಿನ ಹಿಂದೆ ಮರೆಯಾಗುತ್ತಾರೆ.

ಮುಂಬಾಗಿಲಿಗೇ ಬನ್ನಿ, ಈಗ ಯಾರೂ ನಗುವುದಿಲ್ಲ ಎಂದು ಹೇಳಬಹುದಿತ್ತಲ್ಲ ಎನ್ನುತ್ತೇನೆ.

“ಅವರಾಗೇ ಬರ್ತಾರೆ. ಅಲ್ಲೀವರ್ಗೂ ಕಿಟಕಿ ಇರಲಿ,” ಎನ್ನುತ್ತಾರೆ ಬೂಟಮ್ಮ. ಬಕೆಟ್ಟಿನ ಮೇಲೆ ಕೂತು ಇನ್ನೊಂದು ಬೂಟು ತೊಡೆಗೆಳೆದುಕೊಳ್ಳುತ್ತಾರೆ. ಬ್ರಶ್ಶಿನಿಂದ ಅದರ ಮಣ್ಣು ಕೆರೆಯತೊಡಗುತ್ತಾರೆ. ಮತ್ತೆ ತಲೆಯೆತ್ತದೆಯೇ ಹೇಳುತ್ತಾರೆ:

“ನನಗಿರೋದು ಒಂದೇ ಆಸೆ. ಒಂದಿನ ಆ ಕಿಟಕಿಗೆ ಯಾರಾದ್ರೂ ನಿಜವಾಗ್ಲೂ ಟವೆಲ್ ಕೇಳ್ಕೊಂಡು ಬರ್ಬೇಕು.”