ಹೂಂ ಎನ್ನುವ ತಿಂಗಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಂದು ನನ್ನ ಗಂಡನ ಕೈಗಡಿಯಾರ ನಮ್ಮ ಹಿರಿಯ ಮಗಳ ಕೈಯಲ್ಲಿತ್ತು. ಹತ್ತು ವರ್ಷದ ಹುಡುಗಿ ಅದನ್ನು ಮೊಳಕೈತನಕ ಏರಿಸಿಕೊಂಡು, ಯಾರು ಕೇಳಲಿ ಬಿಡಲಿ, ಹೊತ್ತು ಸಾರುತ್ತ ಅಂಗಳದ ತುಂಬ ತಿರುಗುತ್ತಿದ್ದಳು.

"ಹತ್ತೂ ಇಪ್ಪತ್ತು ಆತ್ರೆಪೋ!" ಎಂದು ಕೂಗಿದಳು. ಆ ಕೂಗಿನ ಬೆನ್ನಿಗೇ ನಮ್ಮ ಕಿರಿಯವಳು, ಆರು ವರ್ಷದವಳು, ತನ್ನ ಅಪ್ಪನನ್ನು ಏನೋ ಕೇಳಿದಳು. ಅವರು "ಹೂಂ" ಎಂದರು. ಕಟ್ಟೆಯ ಮೇಲೆ ಕುಳಿತು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದ ನನಗೆ ಎರಡೂ ಕೇಳಿಸಿದವು, ಪ್ರಶ್ನೆಯೂ ಉತ್ತರವೂ. ನಾನು ತಲೆ ಎತ್ತಲಿಲ್ಲ.

ಆ "ಹೂಂ" ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು.

ಐವತ್ತರ ದಶಕ ಮುಗಿದು ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ಮುದ್ದೇಬಿಹಾಳದ ಕೋರ್ಟಿನಲ್ಲಿ ವಕೀಲರು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು. ಅವರು ಕೆಟ್ಟವರಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ಮನೆಯಲ್ಲೂ ಕೋರ್ಟನ್ನು ಬಿಚ್ಚಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಮಕ್ಕಳ ಪಾಟೀಸವಾಲು. "ಸಾಲಿಯಿಂದ ಎಷ್ಟಕ್ಕ ಬಿಟ್ಟಿ? ಎಲ್ಲಿ ನಿಂತಿದ್ದಿ? ಹೌದೋ ಅಲ್ಲೋ, ಅಷ್ಟ ಹೇಳು." ಮಕ್ಕಳು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಒಣಗಿಹೋಗುತ್ತಿದ್ದವು.

ಒಂದು ಸಂಜೆ ಅವರು ತಮ್ಮ ಕೇಸಿನ ಪಕ್ಷಗಾರನೊಬ್ಬನ ಜೊತೆ ಮನೆಗೆ ಬಂದರು. ಹುಡುಗಿಯರು ಪಡಸಾಲೆಯಲ್ಲಿ ಕಲ್ಲು ಎಸೆದು ಹಿಡಿಯುವ ಅಣಿಕಲ್ಲಿನ ಆಟ ಆಡುತ್ತ ನಗುತ್ತಿದ್ದರು. ಬಾಗಿಲ ಹೊರಗೆ ಅವರ ಚಪ್ಪಲಿಯ ಸಪ್ಪಳವಾದದ್ದೇ ತಡ, ಹಿರಿಯವಳು ಕಲ್ಲುಗಳನ್ನು ಗೋಣಿಯ ಕೆಳಗೆ ತಳ್ಳಿ ಪುಸ್ತಕ ತೆರೆದಳು. ಕಿರಿಯವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಪಕ್ಷಗಾರ ನಕ್ಕ. "ಅಬಬ, ಏನು ಶಿಸ್ತ್ರಿ ಸಾಹೇಬ್ರ! ನೀವು ಬಂದ್ರಂದ್ರ ಗೋಡಿ ಸೈತ ನೆಟ್ಟಗ ನಿಂದರ್ತಾವ."

ಆ ಮಾತು ಇವರನ್ನು ಚುಚ್ಚಿತು. ಪಕ್ಷಗಾರ ಹೋದ ಮೇಲೆ ಕೋಟು ಕಳಚದೆ ಕುಳಿತು ನನ್ನನ್ನು ಕೇಳಿದರು: "ನನ್ನ ಕಂಡ್ರ ಅಷ್ಟು ಅಂಜ್ತಾವೇನು ಇವು?"

"ಅಂಜೂದು ಬ್ಯಾರೆ. ನೀವು ಬಂದ್ರ ಇವಕ್ಕ ಮನಿ ಸಾಲಿ ಆಗ್ತೈತಿ," ಎಂದೆ.

ಎರಡು ದಿನ ಕಳೆದವು. ಯುಗಾದಿ ಅಮಾವಾಸ್ಯೆಯ ದಿನ ಸ್ನಾನ ಮುಗಿಸಿ ಬಂದು, ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡರು. ನಮ್ಮ ಕಡೆ ಅಮಾವಾಸ್ಯೆಗೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಹೊಲದ ಕೆಲಸ ನಿಲ್ಲುತ್ತದೆ. ಎಷ್ಟೋ ಮಂದಿ ಆ ದಿನ ಹರಕೆ ಹೊತ್ತು ಮುಂದಿನ ಅಮಾವಾಸ್ಯೆತನಕ ಉಪ್ಪೋ ಎಲೆ ಅಡಿಕೆಯೋ ಬಿಡುತ್ತಾರೆ. ಇವರು ಹೇಳಿದರು: "ನಾನೂ ಒಂದು ಬಿಡ್ತೀನಿ. ಮುಂದಿನ ಅಮಾಸಿತನಕ ಊಟದಾಗ ಒಂದೂ ಪ್ರಶ್ನಿ ಕೇಳೂದಿಲ್ಲ. ಅವತ್ತ ಕೇಸಿನ ತಾರೀಖು. ತಪ್ಪಿದ್ನೋ ಇಲ್ಲೋ, ನೀವ ಜಡ್ಜರು."

ಮೊದಲ ವಾರ ಊಟ ಮೌನದಲ್ಲಿ ಮುಗಿಯಿತು. ಪ್ರಶ್ನೆಯಿಲ್ಲದೆ ಮಾತಾಡುವುದು ಹೇಗೆ ಎಂಬುದೇ ಅವರಿಗೆ ತಿಳಿಯದು. ಆಮೇಲೆ ಒಂದು ದಿನ ಕಿರಿಯವಳು ತಾನಾಗಿಯೇ ಬಾಯಿಬಿಟ್ಟಳು. ತರಗತಿಯ ಹುಡುಗಿಯೊಬ್ಬಳು ಬಳಪ ತಿಂದ ಕಥೆ. ಅವರು ಕೇಳುತ್ತ ಕುಳಿತರು. ಕೈ ಒಣಗಿದರೂ ಏಳಲಿಲ್ಲ.

ಎರಡನೆಯ ತಿಂಗಳು, ಕೋರ್ಟಿನ ಕಾಗದ ಮನೆಯಲ್ಲಿ ಬಿಚ್ಚುವುದಿಲ್ಲ ಎಂದರು. ಮೂರನೆಯ ತಿಂಗಳು, ಕೋರ್ಟಿಗೆ ರಜೆ ಇದ್ದಾಗ, ದಿನಕ್ಕೊಂದು ಆಟ ಮಕ್ಕಳಿಂದ ಕಲಿಯುತ್ತೇನೆ ಎಂದರು. ಅಣಿಕಲ್ಲಿನಲ್ಲಿ ಆರು ವರ್ಷದವಳ ಕೈಯಲ್ಲಿ ಸೋತು, "ಅಪೀಲು ಹಾಕ್ತೀನಿ" ಎಂದು ಹಟ ಹಿಡಿಯುತ್ತಿದ್ದರು. ಆ ಬೇಸಿಗೆಯಲ್ಲಿ ನಮ್ಮ ಮನೆಯ ನಗೆ ಓಣಿಗೆ ಕೇಳುತ್ತಿತ್ತು. ನನಗೆ ಹೊಸದಾಗಿ ಮದುವೆಯಾದಂತೆ ಅನಿಸುತ್ತಿತ್ತು ಎಂದು ಬರೆಯಲು ಈಗಲೂ ನಾಚಿಕೆ, ಆದರೆ ನಿಜ.

ನಾಲ್ಕನೆಯದು ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಕರಿಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಹಬ್ಬ. ಬಾಗೇವಾಡಿಯಲ್ಲಿ ಒಂದು ಬಸ್ಸು, ಸಿಂದಗಿಯಲ್ಲಿ ಇನ್ನೊಂದು ಬದಲಿಸಿ, ತಾಂಬಾದ ಆಚೆಯ ಹಳ್ಳಿಯಲ್ಲಿದ್ದ ನನ್ನ ಭಾವನವರ, ಅಂದರೆ ಇವರ ಅಣ್ಣನ, ಮನೆಗೆ ಹೋಗಿದ್ದೆವು. ಪೂಜೆ ಮುಗಿದ ಮೇಲೆ ಇವರು ಹೇಳಿದರು: "ಈ ತಿಂಗಳು ಮಕ್ಕಳು ಏನು ಕೇಳಿದ್ರೂ ಮೊದಲ ಮಾತು ಬ್ಯಾಡ ಅನ್ನೂದಲ್ಲ. ಮೊದಲ ಮಾತು ಹೂಂ."

ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಯವ್ವಾ, ವಕೀಲರಿಗೆ ಹೂಂ ಅನ್ನೂ ಬ್ಯಾನಿ ಹತ್ತೇತಿ. ಲಗೂನ ಹೋಗಿ ಹೊಲ ಬರಸ್ಕೋರಿ ಹುಡಿಗ್ಯಾರ."

ಆ ಸಂಜೆಯೆಲ್ಲ ಹುಡುಗಿಯರು ಪರೀಕ್ಷೆ ಮಾಡಿದರು. ಎತ್ತಿಗೆ ಕೋಡು ಹಚ್ಚಲಾ? ಹೂಂ. ಗಡಿಯಾರ ನಾ ಕಟ್ಟಿಕೊಳ್ಳಲಾ? ಹೂಂ. ಎಲ್ಲರೂ ನಗುತ್ತಿದ್ದೆವು.

ನಮ್ಮ ಭಾಗದಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಾರೆ. ಮನೆಯ ಮುಂದಿನ ನೆಲದಲ್ಲಿ ಆಳವಾಗಿ ತೋಡಿದ ಕಣಜ ಅದು. ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ತಿಂಗಳುಗಟ್ಟಲೆ ಮುಚ್ಚಿದ ಕಾಳಿನಿಂದ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೆ ಝಳ ಎನ್ನುತ್ತಾರೆ. ಕಣ್ಣಿಗೆ ಕಾಣದು, ಮೂಗಿಗೂ ಹೆಚ್ಚು ತಿಳಿಯದು. ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಆದ್ದರಿಂದ ಹಿಂದಿನ ದಿನವೇ ಕಲ್ಲು ಸರಿಸಿ, ಬಾಯಿಗೆ ಜಾಲಿಮುಳ್ಳು ಹಾಕಿ, ಝಳ ಹೋಗಲು ಬಿಡುವುದು ವಾಡಿಕೆ. ಆದರೆ ಹಿಂದಿನ ದಿನ ಅಮಾವಾಸ್ಯೆ. ಅಂದು ಹಗೇವು ಮುಟ್ಟುವುದಿಲ್ಲ. ಹೀಗಾಗಿ ಮರುದಿನ ಬೆಳಿಗ್ಗೆ ಭಾವನವರು ಕಲ್ಲು ಸರಿಸಿದರು. ಮುಳ್ಳು ತರಲು ಹಿತ್ತಿಲಿಗೆ ಹೋಗುತ್ತ, "ತಮ್ಮಾ, ಇಲ್ಲೇ ನಿಂದರು," ಎಂದರು. ಇವರು ನಿಂತರು. ನಿಂತು, ಗಡಿಯಾರ ಕಟ್ಟಿಕೊಂಡ ಹಿರಿಯವಳ ಸಡಗರ ನೋಡಿ ನಗುತ್ತಿದ್ದರು.

ಕಿರಿಯವಳು ತನ್ನ ಮಣ್ಣೆತ್ತನ್ನು ಹಗೇವಿನ ಬಾಯಿಯ ಪಕ್ಕಕ್ಕೆ ಸರಿಸಿದ್ದ ಕಲ್ಲಿನ ಮೇಲೆ ನಡೆಸುತ್ತಿದ್ದಳು. ಅದು ಒಳಗೆ ಬಿತ್ತು.

"ಅಪ್ಪಾ, ನನ್ನ ಎತ್ತು ಬಿತ್ತು. ತಗೊಳ್ಲೇನು?"

"ಹೂಂ."

ಅವರು ತಿರುಗಿ ನೋಡಿದಾಗ ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಕಾಳು ಅರ್ಧಕ್ಕೆ ಇಳಿದಿತ್ತು. ಆಳುದ್ದ ಕೆಳಗೆ, ಜೋಳದ ಮೇಲೆ, ಆಕೆ ಬೋರಲು ಬಿದ್ದಿದ್ದಳು. ಆಕೆ ಉಟ್ಟಿದ್ದ ಹಸಿರು ಪರಕಾರ ಕಾಣುತ್ತಿತ್ತು. ಕರೆದರೆ ಮಿಸುಕಲಿಲ್ಲ. ಇವರು ಕಾಲು ಒಳಗಿಟ್ಟೇಬಿಟ್ಟಿದ್ದರು. ಓಡಿ ಬಂದ ಭಾವನವರು ಅವರನ್ನು ಸೊಂಟಕ್ಕೆ ಹಿಡಿದು ಹಿಂದಕ್ಕೆ ಕೆಡವಿದರು. "ಹುಚ್ಚಾ! ನೀನೂ ಅಲ್ಲೇ ಬೀಳ್ತೀ! ಹಿಡೀರಿ ಇವನ್ನ!" ಗದ್ದಲ ಕೇಳಿ ಬಂದ ಓಣಿಯ ಇಬ್ಬರು ಅವರ ಮೇಲೆ ಕುಳಿತರು. ನನ್ನ ಗಂಡ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ.

ನೆಗೆಣ್ಣಿ ಕಂಬಳಿಯ ಒಂದು ತುದಿಯನ್ನು ನನ್ನ ಕೈಗೆ ತುರುಕಿದಳು. "ಅಳಬ್ಯಾಡ. ಇಳಿಸು, ಎತ್ತು. ಇಳಿಸು, ಎತ್ತು." ಕಂಬಳಿಯನ್ನು ಬಾಯಿಯೊಳಗೆ ಬಿಟ್ಟು ಎಳೆದರೆ ಕೆಟ್ಟ ಗಾಳಿ ಹೊರಗೆ ಬರುತ್ತದೆ, ಒಳ್ಳೆಯದು ಒಳಗೆ ಹೋಗುತ್ತದೆ. ನಾನು ಇಳಿಸಿದೆ, ಎತ್ತಿದೆ. ಒಮ್ಮೆ ಕಂಬಳಿ ಮಗಳ ಬೆನ್ನಿಗೆ ತಾಗಿತು. ಆಗಲೂ ಆಕೆ ಮಿಸುಕಲಿಲ್ಲ. ನನ್ನ ಕೈಗೆ ಕೆಲಸವಿತ್ತು. ಇವರ ಕೈಗೆ ಇರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಇದ್ದ ಅಂತರ ಅಷ್ಟೇ ಎಂದು ನನಗೆ ಅನಿಸುತ್ತದೆ.

ಎದುರು ಮನೆಯ ಬಳೆಗಾರ ಚಾಚಾ ಬಂದರು. ಕಡ್ಡಿಯಂಥ ಮನುಷ್ಯ. ರುಮಾಲು ಬಿಚ್ಚಿ ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡರು. "ಕಾಲು ಹಿಡೀರಿ. ನಾ ಒದ್ದಾಡಿದ್ರ ಜಗ್ಗಿಬಿಡ್ರಿ. ಹಿಂದಮುಂದ ನೋಡಬ್ಯಾಡ್ರಿ." ಉಸಿರು ಬಿಗಿಹಿಡಿದು ತಲೆಕೆಳಗಾಗಿ ಇಳಿದರು. ಭಾವನವರು ಒಂದು ಕಾಲು, ಇನ್ನೊಬ್ಬರು ಒಂದು ಕಾಲು. ಮೊದಲ ಸಲ ಬರಿಗೈಯಲ್ಲಿ ಬಂದರು, ಕೆಮ್ಮಿದರು, ಮತ್ತೆ ಇಳಿದರು. ಎರಡನೆಯ ಸಲ ಪರಕಾರದ ಪಟ್ಟಿ ಹಿಡಿದು ಎಳೆದುಕೊಂಡೇ ಬಂದರು.

ಆಕೆಯ ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಬೋರಲು ಹಾಕಿ ಬೆನ್ನು ತಟ್ಟಿದರು, ನೀರು ಎರಚಿದರು, ಬಾಯಿಯ ಕಾಳು ತೆಗೆದರು. ಬಹಳ ಹೊತ್ತಿನ ಮೇಲೆ ಆಕೆ ವಾಂತಿ ಮಾಡಿಕೊಂಡಳು, ಅತ್ತಳು. ಆಗ ಇವರ ಮೇಲೆ ಕುಳಿತವರು ಎದ್ದರು. ಇವರು ಮಾತ್ರ ಏಳಲಿಲ್ಲ.

ಇಂಡಿ ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರು. "ಆರಾಮ ಅದಾಳ. ಒಂದಿಷ್ಟು ದಿನ ರಾತ್ರಿ ಉಸಿರಿನ ಮ್ಯಾಲೆ ಲಕ್ಷ್ಯ ಇರ್ಲಿ," ಎಂದರು. ಅದು ಅವರು ಯಾರಿಗಾದರೂ ಹೇಳುವ ಮಾತು. ನಮ್ಮ ಮನೆಯಲ್ಲಿ ಅದು ಶಿಕ್ಷೆಯಾಯಿತು.

ಮುದ್ದೇಬಿಹಾಳಕ್ಕೆ ಮರಳಿದ ಮೇಲೆ ನನ್ನ ಗಂಡ ಮಲಗುವುದನ್ನೇ ಬಿಟ್ಟರು. ಮಗಳ ಮೂಗಿನ ಕೆಳಗೆ ಎರಡು ಬೆರಳು ಹಿಡಿದು ಕೂರುತ್ತಿದ್ದರು. ಅವರು ತೂಕಡಿಸಿದರೆ ನಾನು ಹಿಡಿಯುತ್ತಿದ್ದೆ. ಹಗಲು ಎಲ್ಲದಕ್ಕೂ ಬ್ಯಾಡ. ಜೋಕಾಲಿ ಬಿಚ್ಚಿಸಿದರು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿದರು. ಅಣಿಕಲ್ಲುಗಳನ್ನು ನುಂಗಿಬಿಟ್ಟಾರು ಎಂದು ಎಸೆದರು. ಕೋರ್ಟಿನಲ್ಲಿ ವಾದದ ನಡುವೆ ಮಾತು ಮರೆತುಬಿಡುತ್ತಾರಂತೆ, ಗುಮಾಸ್ತ ಬಂದು ಹೇಳಿದ. ನನ್ನ ಕೈಗಳು ಹಿಟ್ಟು ನಾದುವಾಗಲೂ ಕಂಬಳಿ ಇಳಿಸಿ ಎತ್ತುತ್ತಿದ್ದವು. ರೊಟ್ಟಿ ಬಡಿಯುತ್ತ ಬಡಿಯುತ್ತ ನಿಂತುಬಿಡುತ್ತಿದ್ದೆ.

ಮಕ್ಕಳು ಸಾಲೆಗೆ ಹೋದ ಮೇಲೆ ಅವರು ನನ್ನನ್ನು ಸಾಕ್ಷಿಯಾಗಿ ನಿಲ್ಲಿಸುತ್ತಿದ್ದರು.

"ನೀ ಎಲ್ಲಿ ಕುಂತಿದ್ದಿ?"

"ಕಟ್ಟಿ ಮ್ಯಾಲೆ."

"ಆಕಿ ಕೇಳಿದ್ದು ನಿನಗ ಕೇಳ್ತು?"

"ಕೇಳ್ತು."

"ನಾ ಏನಂದೆ?"

ನಾನು ಎದ್ದು ಒಲೆಯ ಕಡೆ ಹೋಗುತ್ತಿದ್ದೆ. "ಹೇಳು, ನಾ ಏನಂದೆ?" ಎಂದು ಮತ್ತೆ ಮೊದಲಿನಿಂದ. ದಿನಾಲೂ ಅದೇ.

ನಾಗರ ಅಮಾವಾಸ್ಯೆ ಬಂತು. ಹಿರಿಯವಳು ಧೈರ್ಯ ಮಾಡಿ ಕೇಳಿದಳು: "ಅಪ್ಪಾ, ಈ ತಿಂಗಳಿಂದು ಏನು?"

"ಕೇಸು ಮುಗೀತವ್ವಾ," ಎಂದರು. ಆಕೆ ಹೋಗಿ ಪುಸ್ತಕ ತೆರೆದು ಕುಳಿತಳು, ಹಿಂದೆ ಚಪ್ಪಲಿಯ ಸಪ್ಪಳ ಕೇಳಿದಾಗ ಕುಳಿತಿರುತ್ತಿದ್ದಂತೆಯೇ. ಮಗಳು ಬದುಕಿದ್ದಾಳೆ, ಮನೆ ಸತ್ತಿದೆ ಎಂದು ನನಗೆ ಅನಿಸಿದ್ದು ಅಂದು. ಈ ಮನುಷ್ಯ ಇನ್ನು ಯಾವತ್ತೂ ನಗಲಾರ, ಈ ಮಕ್ಕಳು ಇನ್ನು ಯಾವತ್ತೂ ಏನನ್ನೂ ಕೇಳಲಾರವು ಎಂದು ಒಲೆಯ ಮುಂದೆ ಕುಳಿತು ಅತ್ತೆ.

ಶ್ರಾವಣದಲ್ಲಿ ಸಾಲೆಯ ಅಕ್ಕೋರು ಮನೆಗೆ ಬಂದರು. "ಸಣ್ಣಾಕಿ ವರ್ಗದಾಗ ನಿದ್ದಿ ಹೊಡೀತಾಳ್ರಿ. ದಿನಾಲೂ. ಮನ್ಯಾಗ ಮಲಗ್ತಾಳೋ ಇಲ್ಲೋ?"

ಇವರು ಮಗಳನ್ನು ಕರೆದರು. ಪ್ರಶ್ನೆ ಕೇಳುವ ಮೊದಲೇ ಆಕೆ ಹೇಳಿದಳು: "ನೀವು ಕೈ ಹಿಡೀತೀರಲ್ಲ, ಕಚಗುಳಿ ಆಗ್ತೈತಿ. ಆಮ್ಯಾಲೆ ನಾ ಜೋರು ಜೋರು ಉಸಿರು ಬಿಡ್ತೀನಿ. ನಿಮಗ ಕೇಳ್ಲಿ ಅಂತ. ನಿದ್ದಿ ಹತ್ತಿದ್ರ ಸಣ್ಣಗ ಆಗ್ತೈತಿ, ನೀವು ಅಂಜ್ತೀರಿ."

ಅಕ್ಕೋರು ಎದ್ದು ಹೋದರು. ನಾನು ಆವರೆಗೆ ಹೇಳದೆ ಉಳಿದದ್ದನ್ನು ಹೇಳಿಬಿಟ್ಟೆ. "ನೀವು ಹೂಂ ಅಂದ್ರಿ. ನಾ ಕೇಳೀನಿ. ಆಕಿ ಬಿದ್ಲು. ಆಮ್ಯಾಲೆ ಆಕಿನ್ನ ಮ್ಯಾಲೆ ತಗದ್ರು, ಆಕಿ ಅತ್ಲು, ನೀರು ಕೇಳಿದ್ಲು. ಅದಕ್ಕೂ ನಾನ ಸಾಕ್ಷಿ. ಅದನ್ನ ಒಂದು ದಿನನೂ ಯಾಕ ಕೇಳೂದಿಲ್ಲ ನೀವು?"

 ಅಂದಿನಿಂದ ಅವರು ನನ್ನನ್ನು ಸಾಕ್ಷಿಯಾಗಿ ನಿಲ್ಲಿಸಲಿಲ್ಲ.

ಶ್ರಾವಣದ ಕೊನೆಗೆ ಬರುವ ಬೆನಕನ ಅಮಾವಾಸ್ಯೆಯ ದಿನ ಸ್ನಾನ ಮಾಡಿ ಬಂದು ಹುಡುಗಿಯರ ಎದುರಿಗೆ ಕುಳಿತರು.  "ಈ ತಿಂಗಳು... ಮೂಗಿಗೆ ಕೈ ಹಿಡಿಯೂದಿಲ್ಲ," ಎಂದರು. 

"ಹಿಡಿದ್ರ?" ಎಂದಳು ಹಿರಿಯವಳು.

"ಹಿಡಿದ್ರ ಜೋಕಾಲಿ ಕಟ್ಟಸ್ತೀನಿ."

ಮೊದಲ ವಾರದಲ್ಲೇ ಜೋಕಾಲಿ ಕಟ್ಟಿಸಬೇಕಾಯಿತು. ಆಮೇಲೆ ಕೈಯನ್ನು ಬೆನ್ನ ಕೆಳಗೆ ಇಟ್ಟುಕೊಂಡು ಅಂಗಾತ ಮಲಗಿ ಜಂತಿ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅಂಥ ಕೆಲವು ರಾತ್ರಿಗಳು ಮೊದಲಿನವಕ್ಕಿಂತ ಕಠಿಣವಾಗಿದ್ದವು. ನಡುವೆ ಬಳೆಗಾರ ಚಾಚಾ ಬಳೆಯ ಮಲಾರ ಹೊತ್ತು ಬಂದರು, ಇಬ್ಬರು ಹುಡುಗಿಯರ ಕೈಗೂ ಬಳೆ ಇಟ್ಟರು. "ವಕೀಲ ಸಾಹೇಬ್ರ ಮನ್ಯಾಗ ನನ್ನ ಕಾಲು ಹಿಡಿದಾರ ಅಂತ ಸಿಂದಗಿ ಸಂತ್ಯಾಗ ಎಲ್ಲಾರಿಗೂ ಹೇಳೀನಿ. ದಂಡಾ ಹಾಕಸ್ತೀರೇನು?" ಎಂದರು. ನನ್ನ ಗಂಡ ನಗಲು ಹೋಗಿ ಅತ್ತರು. ಚಾಚಾ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು, ಚಹಾ ಆರುವತನಕ ಕುಳಿತಿದ್ದರು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಹಾಲಿನಾಕೆ "ಏಳ್ರೆವ್ವಾ, ಬಿಸಲು ಬಂತು!" ಎಂದು ಕೂಗಿದ್ದು ಕೇಳಿ ಕಣ್ಣು ಬಿಟ್ಟೆ. ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು.  ಮಗಳ ಹಾಸಿಗೆ ಬರಿದಾಗಿತ್ತು. ತಿರುಗಿ ನೋಡಿದರೆ ಆಕೆ ಅಪ್ಪನ ತಲೆದೆಸೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವರು ಬಾಯಿ ತೆರೆದು ಮಲಗಿದ್ದರು. ಆಕೆ ಬಳೆಗಳು ಸದ್ದು ಮಾಡದಂತೆ ಮೇಲಕ್ಕೆ ಸರಿಸಿಕೊಂಡು, ಅವರ ಮೂಗಿನ ಕೆಳಗೆ ಎರಡು ಬೆರಳು ಹಿಡಿದಿದ್ದಳು.

"ಎಬ್ಬಸಬ್ಯಾಡ ಅವ್ವಾ," ಎಂದು ಪಿಸುಗುಟ್ಟಿದಳು. "ನೋಡೀನಿ. ಐತಿ."

ಅಂದು ಸೋಮವಾರ. ಕೋರ್ಟಿಗೆ ಹೊತ್ತಾಗುತ್ತಿತ್ತು. ನಾನು ಎಬ್ಬಿಸಲಿಲ್ಲ.