ಮಾಮಾನ ವಿಮಾನಕ್ಕೆ ತಂದ ಎಂಜಿನ್

ಮಾಮಾನ ಕೈಗೆ ಏನೋ ಆಗಿದೆಯೆಂದು ಮೊದಲು ಕಂಡುಹಿಡಿದವನು ನಾನು. ಪರೇಲ್‌ನ ಆಸ್ಪತ್ರೆಯ ಡಾಕ್ಟರಿಗಿಂತ ಒಂದು ವರ್ಷಕ್ಕೂ ಮೊದಲೇ. ಆದರೆ ಕಂಡದ್ದನ್ನು ಡಾಕ್ಟರಿಗೆ ತೋರಿಸಲಿಲ್ಲ. ಸ್ಟೇಜಿನ ಮೇಲೆ ನಿಂತು ಒಂದು ಹಾಲ್ ತುಂಬ ನೆಂಟರಿಗೆ ತೋರಿಸಿದೆ.

ನನ್ನ ಚಾಳಿಯೇ ಅದು. ಹೊಟ್ಟೆಪಾಡಿಗೆ ಪವಾಯಿಯ ಒಂದು ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಸಿಟ್ಟಾದ ಗಿರಾಕಿಗಳಿಗೆ ಸಮಾಧಾನ ಹೇಳುತ್ತೇನೆ. ಉಳಿದ ಹೊತ್ತೆಲ್ಲ ಮಿಮಿಕ್ರಿ. ಲೋಕಲ್ ಸ್ಟೇಷನ್ನಿನ ಅನೌನ್ಸರ್, ನಮ್ಮ ಬಿಲ್ಡಿಂಗಿನ ಸೆಕ್ರೆಟರಿ, ಸತ್ಯನಾರಾಯಣ ಪೂಜೆಯ ನಡುವೆ ಮೊಬೈಲ್ ನೋಡುವ ಭಟ್ಟರು, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಕನ್ನಡ ಮಾತಾಡಲು ಹೊರಟು ಅರ್ಧದಲ್ಲಿ ಹಿಂದಿಗೆ ಜಾರಿ ಬಿದ್ದು ಮರಾಠಿಯಲ್ಲಿ ಏಳುವ ಮುಂಬಯಿ ಹುಡುಗ ನನ್ನ ಅತಿ ಯಶಸ್ವಿ ಐಟಂ. ಅದಕ್ಕೆ ತಾಲೀಮೇ ಬೇಕಾಗಿಲ್ಲ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಇಪ್ಪತ್ತರ ವಯಸ್ಸಿನಲ್ಲಿ ಬಾಗಲಕೋಟೆ ಕಡೆಯಿಂದ ಬಂದು, ಒಂದು ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲಿಂದಲೇ ರಿಟೈರ್ ಆದವನು. ಅಲ್ಲಿನ ವಿದ್ಯಾರ್ಥಿಗಳು ಕೈಯಲ್ಲಿ ರೇಡಿಯೋ, ಅಂದರೆ ರಿಮೋಟ್, ಹಿಡಿದು ಹಾರಿಸುವ ಮಾಡೆಲ್ ವಿಮಾನ ಮಾಡುತ್ತಿದ್ದರು. ಲೆಕ್ಕ ಅವರದು, ಕಟ್ಟುವುದು ಮಾಮಾನದು. ಕಟ್ಟುತ್ತ ಕಟ್ಟುತ್ತ ಹಾರಿಸುವುದನ್ನೂ ಕಲಿತ. ಸುಮ್ಮನೆ ಹಾರಿಸುವುದಲ್ಲ, ಆಕಾಶದಲ್ಲಿ ಕಸರತ್ತು. ಒಂದು ರೆಕ್ಕೆ ಮೇಲೆ, ಒಂದು ರೆಕ್ಕೆ ಕೆಳಗೆ ಬರುವಂತೆ ವಿಮಾನವನ್ನು ಅಡ್ಡ ತಿರುಗಿಸಿ, ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎತ್ತರದಲ್ಲಿ ಒಯ್ಯುತ್ತಿದ್ದ. ನೈಫ್ ಎಡ್ಜ್ ಅನ್ನುತ್ತಾರೆ ಅದಕ್ಕೆ. ಆಗ ಮಾಮಾನ ಮೈಯಲ್ಲಿ ಅಲ್ಲಾಡುತ್ತಿದ್ದದ್ದು ಎರಡು ಹೆಬ್ಬೆರಳು ಮಾತ್ರ.

ನನ್ನ ತಂಗಿಯ ನಿಶ್ಚಯದ ದಿನ ಊಟಕ್ಕೆ ಮೊದಲು ನನ್ನ ಕೈಗೆ ಮೈಕ್ ಕೊಟ್ಟರು. ಆ ದಿನದ ಬಲಿ ಮಾಮಾ. ಎಡಗೈ ಬೀಸದೆ ಮೈಗೆ ಅಂಟಿಸಿಕೊಂಡು ನಡೆದೆ. ಕುರ್ಚಿಯಲ್ಲಿ ಕೂತು, ಎಡಗೈಯ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ತಿಕ್ಕುತ್ತ ತಿಕ್ಕುತ್ತ, "ನೋಡ್ರಿ, ನಮ್ಮ ಮಾಮಾ ನಶ್ಯ ಬಿಟ್ಟು ಐದು ವರ್ಷ ಆತು. ಬೆರಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ" ಅಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಮಾಮಾನೂ ನಕ್ಕ. ನಕ್ಕು, ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡು, ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಅದನ್ನೂ ನಾನು ನೋಡಿದೆ. ಮುಂದಿನ ಸಲ ಇದನ್ನೂ ಸೇರಿಸಬೇಕು ಅಂದುಕೊಂಡೆ.

ವರ್ಷ ಕಳೆದು ಪರೇಲ್‌ಗೆ ಹೋದಾಗ ಫೈಲ್ ಹಿಡಿದು ನಿಂತಿದ್ದವನು ನಾನೇ. "ಕಬ್ ಸೇ ಹೈ?" ಅಂದರು ಡಾಕ್ಟರು. ಅತ್ತಿ, ಅಂದರೆ ಮಾಮಾನ ಹೆಂಡತಿ, "ದೋ ಮಹೀನಾ" ಅಂದಳು. ಎರಡು ತಿಂಗಳಲ್ಲ, ಯಾವಾಗಿನಿಂದ ಎಂಬುದು ನನಗೆ ಗೊತ್ತಿತ್ತು. ನನ್ನ ಫೋನಿನಲ್ಲಿ ಅದರ ವಿಡಿಯೋ ಇತ್ತು, ಚಪ್ಪಾಳೆ ಸಮೇತ. ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಮಾಮಾನಿಂದ ಬೆರಳು ತಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಪಾರ್ಕಿನ್ಸನ್ ಅಂದರು. ಆಮೇಲೆ, "ಬಹುತ್ ಅರ್ಲಿ ಸ್ಟೇಜ್ ಹೈ ಅಂಕಲ್, ಬಹುತ್ ಅರ್ಲಿ." ಹೊರಗೆ ಬಂದ ಮೇಲೆ ಅವರನ್ನು ಅನುಕರಿಸಿ ಅತ್ತಿಯನ್ನು ನಗಿಸಲು ನೋಡಿದೆ. ಅತ್ತಿ ಬಸ್ಸಿನ ನಂಬರ್ ಓದುತ್ತ ನಿಂತಿದ್ದಳು.

ಆಮೇಲೆ ಮಾಮಾ ಒಂದು ವಿಮಾನ ಕಟ್ಟಲು ಕೂತ. ತನ್ನದೇ ನಕ್ಷೆ, ತನ್ನದೇ ಹಗುರ ಬಾಲ್ಸಾ ಕಟ್ಟಿಗೆ. ಎರಡು ವರ್ಷ ಹಿಡಿಯಿತು. ನಡುನಡುವೆ ರೇಡಿಯೋವನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆಯ ಮೇಲೆ ವಿಮಾನ ಹಾರಿಸಿ ತಾಲೀಮು ಮಾಡುತ್ತಿದ್ದ. ಒಂದೂವರೆ ಕೋಣೆಯ ಮನೆಯಲ್ಲಿ ರೆಕ್ಕೆ ಕಪಾಟಿನ ಮೇಲೆ, ಒಡಲು ಹಾಸಿಗೆಯ ಮೇಲೆ ಹಗ್ಗದಲ್ಲಿ ತೂಗುತ್ತಿತ್ತು. ಅತ್ತಿ ಅದರ ಕೆಳಗೆ ಬಗ್ಗಿ ಬಗ್ಗಿ ಓಡಾಡುತ್ತಿದ್ದಳು. ಮಾಮಾನಿಗೆ ಇದ್ದ ಆಸೆ ಒಂದೇ. ಇದನ್ನು ತಾನೇ ಹಾರಿಸಬೇಕು, ಒಮ್ಮೆ ನೈಫ್ ಎಡ್ಜ್‌ನಲ್ಲಿ ಆ ತುದಿಯವರೆಗೆ ಒಯ್ಯಬೇಕು. "ಆಮ್ಯಾಲ ಈ ಕೈ ಏನ ಬೇಕಾದ್ದ ಮಾಡಲಿ" ಅನ್ನುತ್ತಿದ್ದ.

ಉಳಿದದ್ದು ಎಂಜಿನ್ ಮಾತ್ರ. ಗ್ರಾಂಟ್ ರೋಡಿನ ಅಂಗಡಿಗೆ ತಾನೇ ಹೋಗುವ ಹಾಗಿರಲಿಲ್ಲ. ಗಾಡಿ ಬದಲಿಸುವ ದಾದರ್ ಬ್ರಿಜ್ಜಿನ ಮೇಲೆ ಹಿಂದಿನಿಂದ ಜನ ನೂಕಿದರೆ ಮಾಮಾನ ಕಾಲು ನೆಲಕ್ಕೆ ಅಂಟಿಕೊಂಡು ಬಿಡುತ್ತದೆ.

"ನೀ ಹೋಗಿ ತಗೊಂಡ ಬಾ. ಟೂ-ಸ್ಟ್ರೋಕ್. ಹಗುರ ಇರತೈತಿ, ಚುರುಕ ಇರತೈತಿ" ಅಂದ.

"ಮಾಮಾ, ಈಗ ಎಲ್ಲಾರೂ ಬ್ಯಾಟರಿ ಮೋಟರ್ ಹಾಕ್ತಾರ. ನೋ ಎಣ್ಣಿ, ನೋ ಹೊಗೆ."

"ಮಿಕ್ಸರ್ ಹಾರಸಾಕ ನಾ ಏನ ಚಟ್ನಿ ರುಬ್ಬಾಂವೇನಲೇ?"

ಮಾಮಾ ಸ್ನಾನಕ್ಕೆ ಹೋದಾಗ ನಾನು ಮಾಡಬಾರದ ಕೆಲಸ ಮಾಡಿದೆ. ರೆಕ್ಕೆ ಜೋಡಿಸಿ, ಕೆಟ್ಟು ಮೂಲೆ ಸೇರಿದ್ದ ಮಾಮಾನ ಹಳೆಯ ಟೂ-ಸ್ಟ್ರೋಕ್ ಎಂಜಿನ್ನನ್ನು ರಬ್ಬರ್ ಬ್ಯಾಂಡಿನಿಂದ ಮೂಗಿಗೆ ಕಟ್ಟಿ, ರೆಕ್ಕೆಯ ಕೆಳಗೆ ಗುರುತು ಹಾಕಿದ ಜಾಗದಲ್ಲಿ ಎರಡು ತೋರುಬೆರಳು ಕೊಟ್ಟು ಎತ್ತಿದೆ. ಸರಿಯಾಗಿ ಕಟ್ಟಿದ ವಿಮಾನ ಆಗ ಮೂಗನ್ನು ತುಸು ಬಾಗಿಸಿ ನಿಲ್ಲಬೇಕು. ಇದರ ಬಾಲ ಧಡ್ ಅಂತ ಕೆಳಗೆ ಬಿತ್ತು. ತಿರುಗಿಸಿ ನೋಡಿದೆ. ಬಾಲದ ಸಂದುಗಳಲ್ಲಿ ಅಂಟು ಚಿಕ್ಕಿಯ ಪಾಕದ ಹಾಗೆ ಗಡ್ಡೆಗಟ್ಟಿತ್ತು. ಬಾಟಲಿ ಒತ್ತಿದ ಬೆರಳು ಸಮಯಕ್ಕೆ ಬಿಟ್ಟಿರಲಿಲ್ಲ. ಒಂದು ಕಡೆ ಕಟ್ಟಿಗೆ ಒಡೆದು, ಮೇಲೆ ಇನ್ನೊಂದು ತುಂಡು ಕೂಡಿಸಿ, ಅದರ ಮೇಲೆ ಮತ್ತೆ ಅಂಟು. ನಲವತ್ತು ವರ್ಷ ಫಿಟ್ಟರ್ ಆಗಿದ್ದವನ ಕೆಲಸ ಅದು.

ಅಡುಗೆಮನೆಯ ಬುಟ್ಟಿಯಿಂದ ಆಲೂಗಡ್ಡೆ ತಂದು ಒಂದೊಂದಾಗಿ ಮೂಗಿಗೆ ಕಟ್ಟಿ ನೋಡಿದೆ. ದೊಡ್ಡದೊಂದನ್ನು ಕಟ್ಟಿದಾಗ ವಿಮಾನ ಮೂಗು ತುಸು ಬಾಗಿಸಿ ನಿಂತಿತು. ಬಚ್ಚಲಿನ ಬಾಗಿಲು ಕಿರ್ ಅಂದಿತು. ಆಲೂಗಡ್ಡೆಯನ್ನು ಜೇಬಿಗೆ ತುರುಕಿಕೊಂಡು, "ಮಾಮಾ, ಹೋಗಿ ಬರ್ತೀನಿ" ಎಂದು ಕೂಗಿ ಓಡಿದೆ.

ಅಂಗಡಿ ಒಂದು ಲಾಡ್ಜಿನ ಮೇಲಿನ ಮಾಳಿಗೆಯಲ್ಲಿತ್ತು. ಮುದುಕ ಮಾಲೀಕ ಮಾಮಾನಿಗೆ ಹಳೆಯ ಗುರುತು. ನಾನು ಜೇಬಿನಿಂದ ಆಲೂಗಡ್ಡೆ ತೆಗೆದು ಕೌಂಟರಿನ ಮೇಲೆ ಇಟ್ಟು, ಮಾಮಾ ಹೇಳಿದ ಎಂಜಿನ್ನಿಗಿಂತ ಇಷ್ಟು ಭಾರ ಹೆಚ್ಚಿರುವ ಎಂಜಿನ್ ಬೇಕು ಅಂದೆ. ಅವನು ನಗಲಿಲ್ಲ. ಆಲೂಗಡ್ಡೆಯನ್ನು ತಕ್ಕಡಿಗೆ ಹಾಕಿದ. ನೂರ ನಲವತ್ತು ಗ್ರಾಂ.

"ಪೂಂಛ್ ಭಾರಿ ಹೋ ಗಯಾ?" ಬಾಲ ಭಾರವಾಯಿತೇ ಎಂದು ಕೇಳಿದ. ತಲೆ ಆಡಿಸಿದೆ.

"ಉಡಾಯೇಗಾ ಕೌನ್?" ಹಾರಿಸುವವರು ಯಾರು, ಅಂತ.

"ಮಾಮಾ."

ಅವನು ತಕ್ಕಡಿಯಿಂದ ಆಲೂಗಡ್ಡೆಯನ್ನು ಎತ್ತಿ ನನ್ನ ಕೈಗೆ ಕೊಟ್ಟ. ಆಮೇಲೆ ಎರಡು ಡಬ್ಬಿ ಇಳಿಸಿದ. ಒಂದು ಟೂ-ಸ್ಟ್ರೋಕ್, ಮುಷ್ಟಿಯಷ್ಟು, ಅದರ ದನಿ ನನಗೆ ಬಾಯಿಪಾಠ, ಕೆಂಡ ತುಳಿದ ಸೊಳ್ಳೆಯಂಥದು. ಇನ್ನೊಂದು ಫೋರ್-ಸ್ಟ್ರೋಕ್, ತಲೆಯ ಮೇಲೆ ವಾಲ್ವುಗಳ ಗಂಟು ಹೊತ್ತದ್ದು, ದೂರದಲ್ಲಿ ಬುಲೆಟ್ ಗಾಡಿ ಹೋದ ಹಾಗೆ ಡುಗುಡುಗು ಅನ್ನುವಂಥದು. "ಇಸ್‌ಮೇ ಗುಸ್ಸಾ ಕಮ್ ಹೈ", ಇದಕ್ಕೆ ಸಿಟ್ಟು ಕಡಿಮೆ, ಎಂದು ಎರಡನೆಯದರ ಮೇಲೆ ಬೆರಳಿಟ್ಟ. ಅದರ ತೂಕ ಹೆಚ್ಚುಕಡಿಮೆ ಮೊದಲನೆಯದಕ್ಕೆ ಆಲೂಗಡ್ಡೆ ಕೂಡಿಸಿದಷ್ಟೇ. ಡಬ್ಬಿ ಕಟ್ಟುವಾಗ ತನ್ನಷ್ಟಕ್ಕೇ ಅನ್ನುವ ಹಾಗೆ ಹೇಳಿದ: "ಎಂಜಿನ್ ಶಾಂತ್ ಹೈ. ಪ್ಲೇನ್ ತೋ ವಹೀ ಹೈ ನಾ." ಎಂಜಿನ್ ಶಾಂತವಾದರೂ ವಿಮಾನ ಕಸರತ್ತಿನದೇ ಅಲ್ಲವೇ, ಅಂತ.

ಮನೆಗೆ ಬಂದು ನಾಟಕ ಶುರು ಮಾಡಿದೆ. "ಮಾಮಾ, ಟೂ-ಸ್ಟ್ರೋಕ್ ಖಲಾಸ್ ಆಗಿತ್ತು. ಇದು ಏನ್ ಆವಾಜ್ ಮಾಡ್ತೈತಿ ಕೇಳ," ಎಂದು ಡುಗುಡುಗು ಮಾಡಿ, ಆಕಾಶಕ್ಕೆ ಏರಿಸಿ, ಮೂರು ಪಲ್ಟಿ ಹೊಡೆಸಿ ಇಳಿಸಿದೆ. ಮಾಮಾ ಎಂಜಿನ್ನನ್ನು ಬಲಗೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಮಾಡಿದ.

"ಆಲೂಗಡ್ಡಿ ಎಲ್ಲಿ?"

"ಯಾವ ಆಲೂಗಡ್ಡಿ?"

"ನಾ ಬಚ್ಚಲದಿಂದ ಬಂದಾಗ ನನ್ನ ವಿಮಾನದ ಮೂಗಿಗೆ ನಾಲ್ಕ ರಬ್ಬರ್ ಬ್ಯಾಂಡ್ ಜೋತಬಿದ್ದಿದ್ವು. ಮಣ್ಣ ಬ್ಯಾರೆ ಹತ್ತಿತ್ತು."

ಒಳಗಿನಿಂದ ಅತ್ತಿ, "ಬುಟ್ಟ್ಯಾಗ ಐದಿದ್ವು. ಈಗ ನಾಲ್ಕ ಅದಾವ" ಅಂದಳು.

ಆಲೂಗಡ್ಡೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಮಾಮಾ ಅದನ್ನು ಎಂಜಿನ್ನಿನ ಪಕ್ಕಕ್ಕೆ ಸರಿಸಿದ.

"ಬಾಲ ಭಾರ ಆಗೇತಂತ ನನಗ ಗೊತ್ತಿಲ್ಲಂತ ತಿಳದೇನ? ಹೋದ ವಾರಾನ ಎತ್ತಿ ನೋಡೀನಿ. ಎಂಜಿನ್ ಬರೋಬ್ಬರಿ ತಂದಿ. ಮೂಗಿಗೆ ಸೀಸ ಕಟ್ಟಿ ಸುಮ್ನ ಹೊರೋದಕ್ಕಿಂತ ಎಂಜಿನ್ನಾಗ ತೂಕ ಇರೋದು ಚಲೋ. ನಾ ಹೋಗಿದ್ರೂ ಆಖರಿಗೆ ಇದನ್ನ ತರತಿದ್ದೆ. ಆದ್ರ ಖಲಾಸ್ ಆಗಿತ್ತಂತ ಸುಳ್ಳ ಯಾಕ ಹೇಳಿದಿ?"

"ನಿನಗ ಬ್ಯಾಸರ ಆಗಬಾರದಂತ."

"ಎಲ್ಲಾರೂ ಅದನ್ನ ಹಿಡಕೊಂಡ ಕುಂತೀರಿ. ಎರಡ ವರ್ಷದಿಂದ ಆ ಡಾಕ್ಟರ್ ಅರ್ಲಿ ಅಂತಾನ. ನಿಮ್ಮತ್ತಿ ದಿನಾ ಮುಂಜಾನೆ 'ಇವತ್ತ ಕೈ ಚಲೋ ಐತಿ' ಅಂತಾಳ. ಕಂಡದ್ದ ಕಂಡಂಗ ಮಾಡಿ ತೋರಸಾಂವ ಮನ್ಯಾಗ ನೀ ಒಬ್ಬನ ಇದ್ದಿ ಲೇ ನಕಲಿ. ಈಗ ನೀನೂ ಸುಳ್ಳ ಹೇಳೋದ ಕಲತಿ."

ನಾನು ಆಲೂಗಡ್ಡೆಗೆ ಹತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದೆ.

"ನಿನ್ನ ತಂಗಿ ನಿಶ್ಚಯದಾಗ ನೀ ನನ್ನ ಮಾಡಿ ತೋರಿಸಿದಿ ನೋಡ," ಮಾಮಾ ಮುಂದುವರಿಸಿದ, "ಅವತ್ತ ನನಗ ಗೊತ್ತಾತು. ಅಲ್ಲೀತನಕ ನನ್ನ ಕೈ ಹಂಗ ಮಾಡತೈತಂತ ನನಗ ಗೊತ್ತಿರಲಿಲ್ಲ."

"ಮತ್ತ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

ಫ್ಯಾನು ತಿರುಗುತ್ತಿತ್ತು. ಮಾಮಾ ಮತ್ತೆ ಹಗ್ಗಕ್ಕೆ ಕಟ್ಟಿದ್ದ ವಿಮಾನ ಅದರ ಗಾಳಿಗೆ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಹೊರಳುತ್ತಿತ್ತು.

"ಈಗ ಮತ್ತ ಮಾಡ" ಅಂದ ಮಾಮಾ. "ಈಗ ನಾ ಹೆಂಗ ಅದೀನೋ ಹಂಗ ಮಾಡ. ಏನೂ ಬಿಡಬ್ಯಾಡ."

ಜೀವನದಲ್ಲಿ ಮೊದಲ ಸಲ ಯಾರೋ ಮಾಡಿ ತೋರಿಸು ಎಂದಾಗ ನನಗೆ ಬೇಡ ಅನ್ನಿಸಿತು. ಆದರೂ ಎದ್ದೆ. ಮುಖದಿಂದ ನಗು, ಸಿಟ್ಟು ಎರಡನ್ನೂ ತೆಗೆದೆ. ಎಡ ಭುಜ ಇಳಿಸಿದೆ. ಸಣ್ಣ ಸಣ್ಣ ಹೆಜ್ಜೆ ಹಾಕಿ ಅಡುಗೆಮನೆಯ ಹೊಸ್ತಿಲಿನ ತನಕ ಹೋಗಿ, ಅಲ್ಲಿ ಕಾಲು ಅಂಟಿಕೊಂಡು ನಿಂತೆ. ಹೊಸ್ತಿಲಿನ ಆ ಕಡೆ ಅತ್ತಿ ಇದ್ದಳು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಸಾಕ ಮಾಡೋ" ಅಂದಳು.

"ನೀ ಸುಮ್ನಿರ" ಅಂದ ಮಾಮಾ. "ಏ, ರೇಡಿಯೋ ತಗೋ. ನಾ ಹಾರಿಸಿದಂಗ ಮಾಡ. ನೈಫ್ ಎಡ್ಜ್."

ರೇಡಿಯೋ ತೆಗೆದುಕೊಂಡು ಎರಡು ಕಡ್ಡಿಗಳ ಮೇಲೆ ಎರಡು ಹೆಬ್ಬೆರಳು ಇಟ್ಟೆ. ಮಾಮಾ ಕಂಪ್ಯೂಟರಿನ ಮೇಲೆ ಹಾರಿಸುವ ಆಟ ಆಡುವಾಗ ಆ ಬೆರಳುಗಳನ್ನು ಎಷ್ಟೋ ಸಲ ನೋಡಿದ್ದೆ. ಬಲಗೈ ವಿಮಾನವನ್ನು ಅಡ್ಡ ತಿರುಗಿಸಿತು. ಅದೇ ಕ್ಷಣಕ್ಕೆ ಎಡಗೈ ಕಡ್ಡಿಯನ್ನು ಒತ್ತಬೇಕು. ಎಡ ಹೆಬ್ಬೆರಳು ಹೊರಡಬೇಕೆಂದು ಅಂದುಕೊಂಡಿತು, ಎರಡು ಸಲ ನಡುಗಿತು, ಆಮೇಲೆ ಹೊರಟಿತು. ನಾನು ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ಎಷ್ಟಿತ್ತೋ ಅಷ್ಟೇ.

ಮಾಮಾ ನನ್ನ ಬೆರಳನ್ನೇ ನೋಡುತ್ತಿದ್ದ. "ಇನ್ನೊಮ್ಮೆ" ಅಂದ. ಮಾಡಿದೆ. "ಇನ್ನೊಮ್ಮೆ." ಮಾಡಿದೆ.

"ಅಡ್ಡ ಮಲಗಿದಾಗ ವಿಮಾನಾನ ಎತ್ತಿ ಹಿಡಿಯೋದು ಎಡಗೈ" ಅಂದ ಕೊನೆಗೆ, ವಿದ್ಯಾರ್ಥಿಗಳಿಗೆ ಪಾಠ ಹೇಳುವ ದನಿಯಲ್ಲಿ. "ಅದು ಇಷ್ಟ ತಡಾ ಬಂದ್ರ ಅದಕ್ಕಿಂತ ಮೊದಲ ನೆಲಾ ಬರತೈತಿ. ಯಾವ ಎಂಜಿನ್ ಹಾಕಿದ್ರೂ ಅಷ್ಟ."

ಆಮೇಲೆ, "ಬಾ ಇಲ್ಲಿ" ಎಂದು ಕರೆದ. ರೇಡಿಯೋವನ್ನು ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯ ಬಕಲನ್ನು ಹಿಡಿದುಕೊಂಡ. ನಾನು ಮಾಮಾನಿಗಿಂತ ಅರ್ಧ ಅಡಿ ಎತ್ತರ. ಪಟ್ಟಿ ಅವನ ಅಳತೆಗಿತ್ತು. ಅದನ್ನು ಬಿಚ್ಚಿ ನನ್ನ ಅಳತೆಗೆ ಉದ್ದ ಮಾಡಲು ಶುರು ಮಾಡಿದ. ಬಕಲ್ ಜಾರಿತು. ಮತ್ತೆ ಹಿಡಿದ. ನಾನು ಕೈ ಹಾಕಲು ಹೋದೆ. "ಬಿಡ" ಅಂದ. ಬಗ್ಗಿ ನಿಂತುಕೊಂಡೆ. ಅತ್ತಿಯ ಕುಕ್ಕರ್ ಕೂಗಿತು, ಮತ್ತೊಮ್ಮೆ ಕೂಗಿತು. ಅಷ್ಟು ಹೊತ್ತಾದರೂ ಪಟ್ಟಿಯ ತುದಿ ಬಕಲಿನ ಸಂದಿಗೆ ಹೋಗುತ್ತಿರಲಿಲ್ಲ.

ತಡೆಯಲಾಗದೆ, "ಮಾಮಾ, ತಾಳಿ ಕಟ್ಟಾಕತ್ತೀ ಏನ? ಮುಹೂರ್ತ ಮೀರತೈತಿ" ಅಂದೆ.

ಮಾಮಾನ ಮುಖ ಈಗ ನಗುವುದಿಲ್ಲ. ಮೂಗಿನಿಂದ ಎರಡು ಸಲ ಸಣ್ಣಗೆ ಉಸಿರು ಬಿಟ್ಟ. ನಗು ಅಂದರೆ ಈಗ ಅಷ್ಟೇ. ಅದನ್ನೂ ನಾನು ಕಲಿತಿದ್ದೇನೆ. ಯಾರಿಗೂ ಮಾಡಿ ತೋರಿಸಿಲ್ಲ.

ಕುಕ್ಕರಿನ ಮೂರನೇ ಸೀಟಿಗೆ ಪಟ್ಟಿ ಒಳಗೆ ಹೋಯಿತು. ಮಾಮಾ ಅದನ್ನು ಒಮ್ಮೆ ಎಳೆದು ನೋಡಿ, ಎಡಗೈಯನ್ನು ಜೇಬಿಗೆ ಹಾಕಿಕೊಂಡು, ಕಂಪ್ಯೂಟರಿನ ಕಡೆ ಗದ್ದ ಆಡಿಸಿದ.

"ಕುಂದರ. ಎಡಗೈಯಿಂದ ಕಲಿಯಾಕ ಚಾಲೂ ಮಾಡ."